ಫೆರೆಟ್ ಬಾಯಿ ತೆರೆದು ನೆಗೆದಾಗ

ಸಹೋದ್ಯೋಗಿ ಸಾತೋ ಸಾನ್ ಒಂದು ವಾರ ಒಸಾಕಾಕ್ಕೆ ಹೊರಟಾಗ ತಾವು ಸಾಕಿದ ಫೆರೆಟ್ಟನ್ನು ನಿಶಿ ಕಸಾಯಿಯ ನನ್ನ ಮನೆಯಲ್ಲಿ ಬಿಟ್ಟರು. ನೋಡಲು ನಮ್ಮ ಮುಂಗುಸಿಯ ತೆಳ್ಳನೆಯ ತಮ್ಮನಂತಿತ್ತು. ಅದರ ಸ್ನೇಹ ಮಾಡಿಯೇ ತೀರುತ್ತೇನೆ ಎಂದು ಹಟ ತೊಟ್ಟೆ.

ಪಂಜರದಿಂದ ಬಿಟ್ಟ ತಕ್ಷಣ ಅದು ಬೆನ್ನು ಬಾಗಿಸಿ, ಬಾಯಿ ತೆರೆದು, ಅಡ್ಡಡ್ಡ ನೆಗೆಯುತ್ತ ನನ್ನ ಮೇಲೇ ಬಂತು. ಹೆದರಿ ಮತ್ತೆ ಒಳಗೆ ಹಾಕಿದೆ. ಮೂರು ದಿನವೂ ಇದೇ ಕಥೆ. ಆಫೀಸಿನ ಅಭ್ಯಾಸದಂತೆ ಪ್ರತಿ ಸಂಜೆ ಸಾತೋ ಸಾನ್‌ಗೆ ವರದಿ ಕಳಿಸುತ್ತಿದ್ದೆ: "ಇಂದು ಅದಕ್ಕೆ ನಾಲ್ಕು ಸಲ ಸಿಟ್ಟು ಬಂತು. ನಾಲ್ಕು ಸಲವೂ ಪಂಜರಕ್ಕೆ ಹಾಕಿದೆ."

ಮೂರನೆಯ ವರದಿ ಓದಿ ಅವರೇ ಫೋನ್ ಮಾಡಿದರು. "ಸುಮಿಮಾಸೆನ್, ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಅದು ಸಿಟ್ಟಲ್ಲ. ನಿಮ್ಮನ್ನು ಆಟಕ್ಕೆ ಕರೆಯುತ್ತಿದೆ."

ಆಟಕ್ಕೆ ಕರೆದ ತಪ್ಪಿಗೆ ಪಾಪ ಹನ್ನೆರಡು ಸಲ ಜೈಲು ಕಂಡಿತ್ತು. ಮರುದಿನ ಬೆಳಿಗ್ಗೆಯೇ ಲುಂಗಿ ಎತ್ತಿ ಕಟ್ಟಿ, ನೆಲಕ್ಕೆ ಕೈಯೂರಿ, ನಾನೂ ಅಡ್ಡಡ್ಡ ನೆಗೆದೆ. ಅದು ಒಂದು ಕ್ಷಣ ನಿಂತು ನೋಡಿತು. ಆಮೇಲೆ ಕೊಕ್ ಕೊಕ್ ಎನ್ನುತ್ತ ಕುಣಿದು ಬಂತು. ಉಳಿದ ದಿನಗಳಲ್ಲೆಲ್ಲ ಇಬ್ಬರೂ ಬಿಡದೆ ಆಡಿದೆವು.

ಕೊನೆಯ ದಿನ ಕೆಳಗಿನ ಮನೆಯ ಅಜ್ಜಿ ಬಾಗಿಲಿಗೆ ಬಂದು ತಲೆಬಾಗಿದರು. "ನಿಮ್ಮ ಪ್ರಾಣಿ ಬಹಳ ಗೆಲುವಾಗಿದೆ, ಅಲ್ಲವೇ? ಹಿಂದೊಮ್ಮೆ ದೊಡ್ಡ ಭೂಕಂಪ ಕಂಡ ಮೇಲೆ, ನಮ್ಮ ಮನೆಯ ತೂಗುದೀಪ ಅಲ್ಲಾಡಿದರೂ ನನಗೆ ಎದೆ ಹೊಡೆದುಕೊಳ್ಳುತ್ತೆ."

"ಸುಮಿಮಾಸೆನ್, ಇವತ್ತೇ ಕಳಿಸಿಬಿಡ್ತೀನಿ," ಎಂದು ನಾನೂ ತಲೆಬಾಗಿದೆ. ಪ್ರಾಣಿ ಒಂದು ಕೆಜಿಯೂ ಇಲ್ಲ, ನಾನು ಎಂಬತ್ತೆರಡು ಎಂಬುದನ್ನು ಮಾತ್ರ ಹೇಳಲಿಲ್ಲ.