ಭಾವನ ಕಾರಿನ ಚಿಲ್ಲರೆ ಪೆಟ್ಟಿಗೆ

ನಾನು ಈ ಬಾಳಿನಲ್ಲಿ ಒಂದೂ ಲೋಪವಿಲ್ಲದಂತೆ ಮಾಡಿ ಮುಗಿಸಿದ ವಸ್ತು ಒಂದೇ: ಕಾರಿನಲ್ಲಿ ಚಿಲ್ಲರೆ ಇಡುವ, ಸದ್ದು ಮಾಡದ ಮರದ ಪೆಟ್ಟಿಗೆ. ಅದನ್ನು ಮಾಡದೇ ಇದ್ದಿದ್ದರೆ ಚೆನ್ನಾಗಿತ್ತು.

ಎಪ್ಪತ್ತರ ದಶಕದ ಕೊನೆ. ನಾನಾಗ ಮಧುಗಿರಿಯ ಹೈಸ್ಕೂಲಿನಲ್ಲಿ ಮರಗೆಲಸದ ಮೇಷ್ಟ್ರು. ನನ್ನ ಶಿಷ್ಯರು ವರ್ಷವಿಡೀ ಶ್ರಮಪಟ್ಟು ತಲಾ ಒಂದು ಕುಂಟುವ ಮಣೆ ಮಾಡಿ ಪಾಸಾಗುತ್ತಿದ್ದರು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಅದೇ ಊರಿನಲ್ಲಿ ಹಳೇ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ಸಿರಾ, ಪಾವಗಡ, ಕೊರಟಗೆರೆ, ಎಲ್ಲಿಗೆ ಕರೆದರೂ ಸೈ. ಆ ಕಾರಿನ ಮೀಟರಿನ ಮುಳ್ಳುಗಳೆಲ್ಲ ಎಂದೋ ನಿವೃತ್ತಿ ಪಡೆದಿದ್ದವು. ಇಂಜಿನ್ನು ಕಾದಿದೆಯೋ, ಬೇರಿಂಗು ಸವೆದಿದೆಯೋ, ಹಿಂದಿನ ಲಾರಿ ದಾರಿ ಕೇಳುತ್ತಿದೆಯೋ, ಎಲ್ಲವನ್ನೂ ಭಾವನ ಕಿವಿಯೇ ನೋಡಿಕೊಳ್ಳಬೇಕು. ಅವರ ಅನ್ನ ಇದ್ದದ್ದು ಆ ಕಿವಿಯಲ್ಲಿ.

ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: "ಲೇ ಬಾಮೈದ, ಡ್ಯಾಶ್‌ಬೋರ್ಡಿನಾಗೆ ಚಿಲ್ಲರೆ ಗಿಲಿಗಿಲಿ ಅಂತದೆ ಕಣ್ಲಾ. ಇಂಜಿನ್ ಸದ್ದೇ ಕೇಳಾಕಿಲ್ಲ. ಊರೆಲ್ಲ ಮೇಷ್ಟ್ರೇ ಅಂತ ಕೈ ಮುಗೀತದಲ್ಲ, ಒಂದು ಪೆಟ್ಗೆ ಮಾಡ್ಕೊಡು ನೋಡಾನ."

ನಮ್ಮ ಕಡೆ ಭಾವ ಬಾಮೈದರು ಒಬ್ಬರನ್ನೊಬ್ಬರು ರೇಗಿಸದೆ ಮಾತಾಡಿದರೆ ಮನೆಯಲ್ಲಿ ಏನೋ ಮನಸ್ತಾಪವಾಗಿದೆ ಎಂದೇ ಅರ್ಥ. ಹಾಗಾಗಿ ಇದನ್ನು ಸವಾಲೆಂದು ಸ್ವೀಕರಿಸಿ ಸಂಶೋಧನೆಗೆ ಇಳಿದೆ. ಸರ್ಕಾರ ನಾಣ್ಯಗಳಿಗೆ ಆಕಾರ ಕೊಡುವಾಗ ಬಡಗಿಗಳನ್ನು ಕೇಳಿರಲಿಲ್ಲ. ಐದು ಪೈಸೆ ಚೌಕ, ಹತ್ತು ಪೈಸೆಗೆ ಹೂವಿನಂಥ ಅಂಚು, ನಾಲ್ಕಾಣೆ ಎಂಟಾಣೆ ದುಂಡಗೆ. ಒಂದೊಂದಕ್ಕೂ ಅದರ ಅಳತೆಯ ಗುಂಡಿ ಕೊರೆದು ಮೊದಲ ಪೆಟ್ಟಿಗೆ ಮಾಡಿ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂ ಹಾಕಿ ಕೂರಿಸಿದೆ.

"ಚಂದಾಗದೆ," ಅಂದರು ಭಾವ ಮಾರನೆಯ ದಿನ. "ಮೊದ್ಲು ಗಿಲಿಗಿಲಿ ಅಂತಿತ್ತು, ಈಗ ಮರದ ಮ್ಯಾಗೆ ಗಿಲಿಗಿಲಿ ಅಂತದೆ."

ಎರಡನೆಯದಕ್ಕೆ ಪಟ್ಟನಾಯಕನಹಳ್ಳಿ ಕಡೆಯ ಕುರಿಗಾಹಿಯೊಬ್ಬರಿಂದ ಹರಿದ ಕಂಬಳಿ ತಂದು ಗುಂಡಿಗಳ ಒಳಗೆಲ್ಲ ಅಂಟಿಸಿದೆ. ಸದ್ದು ಹೋಗಿಲ್ಲವೆಂದು ಭಾವ ತಲೆಯಾಡಿಸಿದರು. ಮೂರನೆಯದರಲ್ಲಿ ಪ್ರತಿ ಗುಂಡಿಯ ತಳಕ್ಕೂ ಹಳೇ ಟಾರ್ಚಿನ ಸ್ಪ್ರಿಂಗ್ ಇಟ್ಟೆ. ಅದು ನಾಣ್ಯಗಳನ್ನು ಮೇಲಿನ ಪಟ್ಟಿಗೆ ಒತ್ತಿ ಹಿಡಿಯುತ್ತಿತ್ತು. ಬೆರಳಿನಿಂದ ಜಾರಿಸಿದರೆ ಒಂದೊಂದೇ ಈಚೆಗೆ. ಅಕ್ಕನ ಕಿವಿಯ ಹತ್ತಿರ ಹಿಡಿದು ಕುಲುಕಿದೆ. "ಸತ್ತಂಗೆ ಬಿದ್ದವೆ ಕಣಪ್ಪ," ಅಂದಳು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಪರೀಕ್ಷೆಗೆ ಸಿರಾ ರಸ್ತೆ ಹಿಡಿದೆವು. ಆ ರಸ್ತೆಯ ಗುಂಡಿಗಳಲ್ಲಿ ನನ್ನ ಹಲ್ಲುಗಳು ಸದ್ದು ಮಾಡಿದವೇ ಹೊರತು ಪೆಟ್ಟಿಗೆ ಮಾಡಲಿಲ್ಲ.

"ಕೇಳ್ತಾ ಇಲ್ವಾ? ಗಿಲಿಗಿಲಿ ಅಂತದಲ್ಲ," ಅಂದರು ಭಾವ.

ಚಿಲ್ಲರೆಯನ್ನೆಲ್ಲ ತೆಗೆದು ಕರವಸ್ತ್ರದಲ್ಲಿ ಬಿಗಿಯಾಗಿ ಗಂಟು ಕಟ್ಟಿ ಮುಷ್ಟಿಯಲ್ಲಿ ಹಿಡಿದೆ. "ಈಗ?"

"ಈಗ್ಲೂ ಅಂತದೆ ಕಣ್ಲಾ."

ನನ್ನನ್ನು ರೇಗಿಸಲು ಸುಳ್ಳು ಹೇಳಿ ಸಿಕ್ಕಿಬಿದ್ದರು! ಸಿರಾ ತಲುಪುವವರೆಗೂ ನಕ್ಕೆ. ಅಲ್ಲಿ ಗುರುತಿನ ಮೆಕ್ಯಾನಿಕ್ ಒಬ್ಬರಿದ್ದರು. ಅವರು ಕಾರಿನ ಹೊಟ್ಟೆಯಡಿ ಮಲಗಿ, ಎಲ್ಲ ಬೋಲ್ಟು ಬಿಗಿ ಮಾಡಿ, ಎದ್ದು ಕೈ ಒರೆಸಿಕೊಂಡು ಕೇಳಿದರು: "ಭಾಯ್, ಗಾಡಿ ಬಂದ್ ಮಾಡಿದ್ರೂ ಬರ್ತೈತಾ ಸದ್ದು?"

"ಬರ್ತದೆ," ಅಂದರು ಭಾವ. "ಮನೇಲಿ ಮಲಗಿದ್ರೂ ಬರ್ತದೆ."

"ಅಕ್ಕ ಬಳೆ ಆಡಿಸ್ತಿರ್ತಾಳೆ, ಭಾವ," ಅಂದೆ ನಾನು. ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನೂ ನಕ್ಕರು, ಸ್ವಲ್ಪ ತಡವಾಗಿ. ಆ ತಡವನ್ನು ನಾನು ಗಮನಿಸಿದ್ದೆ. ಸೋಲೊಪ್ಪಿಕೊಳ್ಳುವ ಸಂಕೋಚವೆಂದುಕೊಂಡೆ.

ಊರಿಗೆ ಬಂದು ಕಂಡಕಂಡವರಿಗೆಲ್ಲ ಈ ಕತೆ ಹೇಳಿದೆ. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಜನ ಭಾವನನ್ನು ಕಂಡರೆ ಗಿಲಿಗಿಲಿ ಅನ್ನತೊಡಗಿದರು. ವಾರ ಕಳೆಯುವುದರೊಳಗೆ ಭಾವನೇ ಬಂದು, "ಈಗ ಸದ್ದಿಲ್ಲ ಬುಡು. ಒಳ್ಳೆ ಪೆಟ್ಗೆ," ಅಂದರು. ನಾನು ಗೆದ್ದೆ. ಆಮೇಲೆ ಅವರು ಆ ಮಾತು ಎತ್ತಲೇ ಇಲ್ಲ.

ನಾಲ್ಕು ವರ್ಷ ಕಳೆದಿರಬೇಕು. ಒಮ್ಮೆ ತೋವಿನಕೆರೆಯ ಹತ್ತಿರ ಬರುತ್ತಿದ್ದೆವು. ಹಿಂದೆ ಲಾರಿಯೊಂದು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಭಾವ ಹಟಕ್ಕೆ ದಾರಿ ಬಿಡುತ್ತಿಲ್ಲ ಎಂದು ಪಕ್ಕದಲ್ಲಿ ಕೂತು ಮಜಾ ನೋಡುತ್ತಿದ್ದೆ. ಕೊನೆಗೆ ಲಾರಿ ಸವರಿಕೊಂಡೇ ಮುಂದೆ ಹೋಯಿತು. ನಾವು ರಾಗಿ ಹೊಲದಲ್ಲಿ ನಿಂತೆವು. ಯಾರಿಗೂ ಏಟಾಗಲಿಲ್ಲ. ಲಾರಿಯವನು ಇಳಿದು ಬಂದು, "ಕಿವುಡನೇನಯ್ಯಾ ನೀನು?" ಎಂದು ಕೂಗಾಡಿದ. ಭಾವ ಅವನ ಬಾಯಿಯನ್ನೇ ನೋಡುತ್ತಿದ್ದು, ನನ್ನ ಕಡೆ ತಿರುಗಿ ಕೇಳಿದರು: "ಏನಂತೆ?"

ತುಮಕೂರಿನ ಡಾಕ್ಟರು ಎರಡೂ ಕಿವಿ ನೋಡಿ, ಕಿವಿಯೊಳಗೆ ಸದ್ದು ಯಾವಾಗಿನಿಂದ ಎಂದು ಚೀಟಿಯಲ್ಲಿ ಬರೆದು ತೋರಿಸಿದರು.

"ನಾಕೈದು ವರ್ಷ ಆಯ್ತು ಸ್ವಾಮಿ. ಚಿಲ್ಲರೆ ಅಲ್ಲಾಡಿಸ್ದಂಗೆ."

ಆಗಲೇ ಯಾಕೆ ಬರಲಿಲ್ಲ ಎಂದು ಬರೆದರು.

ಭಾವ ನನ್ನ ಕಡೆ ನೋಡಲಿಲ್ಲ. "ಕಾರಿಂದು ಅಂದ್ಕಂಡಿದ್ದೆ," ಅಂದರು.

ಕಾರನ್ನು ಪಾವಗಡದವರೊಬ್ಬರು ಕೊಂಡರು. ಅವರು ಬರುವ ಹಿಂದಿನ ದಿನ ಭಾವ ತಾವೇ ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಒರೆಸಿ ತಂದು ನನ್ನ ಕೈಗಿಟ್ಟರು. "ಇಟ್ಕಳಪ್ಪ. ಇದ್ರದ್ದೇನೂ ತಪ್ಪಿಲ್ಲ."

ತಪ್ಪು ಯಾರದೆಂದು ಹೇಳಲು ಬಾಯಿ ತೆರೆದೆ. ಇಂಥ ಮಾತುಗಳನ್ನು ಮೆಲ್ಲಗೆ ಆಡಿಯೇ ಅಭ್ಯಾಸ. "ತಪ್ಪಾಯ್ತು, ಭಾವ," ಅಂದೆ.

"ಏನಂದೆ?" ಅವರು ಕಿವಿಗೆ ಕೈ ಅಡ್ಡ ಹಿಡಿದು ಹತ್ತಿರ ಬಾಗಿದರು. ಒಳಗೆ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಜಗುಲಿಯ ಮೇಲೆ ಪಕ್ಕದ ಮನೆಯವರಿದ್ದರು. ಅವರಿಗೆ ಕೇಳಿಸಬೇಕಾದರೆ ಆ ಮಾತನ್ನು ಬೀದಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಅವರನ್ನು ನಗೆಪಾಟಲು ಮಾಡುವಾಗ ನಾನು ಅಷ್ಟೇ ಜೋರಾಗಿ ಕೂಗಿದ್ದವನು.

"ಏನಿಲ್ಲ, ಭಾವ!" ಎಂದು ಅವರ ಕಿವಿಯ ಬಳಿಯೇ ಕೂಗಿದೆ. ಅದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.