ಬಿಚ್ಚದ ಜಡೆ

ಜಕ್ಕೂರಿನ ಹಳೇ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಬ್ಲೌಸ್ ಹೊಲಿಯುವ ಕಲಾವತಿಗೆ ಚಿಕ್ಕಂದಿನಲ್ಲಿ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಮುಖವಿಲ್ಲದ ಹೆಂಗಸೊಬ್ಬಳು ಒದ್ದೆ ಸೀರೆಯಲ್ಲಿ ಬಂದು, ಹಿಂದೆ ಕೂತು ಅವಳಿಗೆ ಜಡೆ ಹೆಣೆಯುವಳು. ರಿಬ್ಬನ್ ಕಟ್ಟಿ ಮುಗಿಸಿದರೆ ತನ್ನನ್ನು ಕರೆದುಕೊಂಡು ಹೋಗಿಬಿಡುತ್ತಾಳೆ ಎಂದು ಅವಳಿಗೆ ಕನಸಿನಲ್ಲೇ ಗೊತ್ತಿತ್ತು. ಕಟ್ಟುವ ಮೊದಲೇ ಎಚ್ಚರವಾಗುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಮಗಳು ಭುವಿಯೇ ಅವಳಿಗೆ ಎಲ್ಲ. ಕಡಿಮೆ ದುಡ್ಡಿನಲ್ಲಿ ದೆವ್ವದ ಸಿನಿಮಾ ಮಾಡುವ ಪುನೀತ್ ವೇಷ ಹೊಲಿಸಲು ಬಂದಾಗ, ಮಿಷನ್ ತುಳಿಯುತ್ತಲೇ ಈ ಕನಸು ಹೇಳಿದಳು.

“ಅಕ್ಕಾ, ನೆಕ್ಸ್ಟ್ ಪಿಕ್ಚರ್ ಇದೇ,” ಅಂದ. “ಆರ್ಟಿಸ್ಟ್ ಕರೆಸೋಕೆ ನಮ್ಹತ್ರ ಏನಿದೆ ಹೇಳಿ. ದೆವ್ವ ನೀವೇ, ಮಗು ಭುವಿ.”

“ನನ್ ಮುಖಕ್ಕೆ ಮೇಕಪ್ಪೂ ಬೇಡ ಅಂತೀಯಾ,” ಎಂದು ನಕ್ಕು ಒಪ್ಪಿಕೊಂಡಳು.

ಲೈನಿಂಗ್ ಬಟ್ಟೆಯಲ್ಲಿ ಕಣ್ಣು ಬಾಯಿ ಇಲ್ಲದ ಮುಖವಾಡ ಹೊಲಿದು ತಾನೇ ಹಾಕಿಕೊಂಡಳು. ಶೂಟಿಂಗ್ ದಿನ ಕೆರೆಯ ದಂಡೆಯಲ್ಲಿ ಮಗಳಿಗೆ ಜಡೆ ಹೆಣೆದು, ಕೈಯಾರೆ ರಿಬ್ಬನ್ ಬಿಗಿದಳು. ಭುವಿ ಸತ್ತಂತೆ ಒರಗಿದಳು.

ಹೆಣವಾಗಿ ನಟಿಸಿದವರು ಎದ್ದು ಕ್ಯಾಮೆರಾ ನೋಡಿ ನಗಬೇಕು ಎಂಬುದು ಸಿನಿಮಾದವರ ಪದ್ಧತಿ. ನಗದಿದ್ದರೆ ಆ ಸಾವು ಅಂಟಿಕೊಳ್ಳುತ್ತದಂತೆ. ಅವತ್ತು ಬೆಳಕು ಹೋಗುತ್ತಿತ್ತು, ಮಗು ನಿಜವಾಗಿಯೂ ನಿದ್ದೆಹೋಗಿತ್ತು. ಗಂಟುಮೂಟೆ ಕಟ್ಟುವ ಅವಸರದಲ್ಲಿ ಎಲ್ಲರೂ ಮರೆತರು. ಕಲಾವತಿ ಮುಖವಾಡವನ್ನೂ ತೆಗೆಯದೆ ಮಗಳನ್ನು ಎತ್ತಿಕೊಂಡು ಬಂದಳು. ದಾರಿಯಲ್ಲಿ ಭುವಿ ಒಮ್ಮೆ ಕಣ್ಣು ಬಿಟ್ಟು, ಆ ಮುಖವಾಡ ನೋಡಿ ಮತ್ತೆ ಮುಚ್ಚಿದಳಂತೆ.

ಮಾರನೇ ದಿನದಿಂದ ಭುವಿ ನಗಲಿಲ್ಲ. ಜಡೆ ಮುಟ್ಟಲು ಬಿಡಲಿಲ್ಲ. ನಾನು ಮುನೇಶ್ವರನ ಗುಡಿಯಿಂದ ಕುಂಕುಮ ತಂದೆ. ಭುವಿ ಹಣೆಗೆ ಇಡಿಸಿಕೊಂಡಳು, ಅಷ್ಟೇ.

“ಪುನೀತ್, ಅವಳನ್ನ ನಗಿಸ್ಬೇಕು ಕಣೋ,” ಎಂದಳು ಕಲಾವತಿ.

“ಕ್ಯಾಮೆರಾ ಬಾಡಿಗೇದು, ವಾಪಸ್ ಕೊಟ್ಟಾಯ್ತು. ಮೊಬೈಲಲ್ಲೇ ಹಿಡೀಲಾ ಅಕ್ಕಾ?”

“ಅದೇ ಕ್ಯಾಮೆರಾ ತಾ. ಅವಳು ಸತ್ತಿದ್ದನ್ನ ನೋಡಿದ್ದು ಅದೇ ಅಲ್ವಾ.”

ಭಾನುವಾರ ಬೆಳಿಗ್ಗೆ ತಂದ. ಭುವಿಯನ್ನು ಬಾಗಿಲಲ್ಲಿ ಕೂರಿಸಿ, ಕೋತಿಯಂತೆ ಮುಖ ಮಾಡಿದ. ಭುವಿ ಕ್ಯಾಮೆರಾ ನೋಡಿ ಚೆನ್ನಾಗಿಯೇ ನಕ್ಕಳು. ನಾನು ಕೈಮುಗಿದೆ. ಕಲಾವತಿ ಕಣ್ಣೊರೆಸಿಕೊಂಡು, ಮಗಳ ಹಿಂದೆ ಕೂತು ರಿಬ್ಬನ್ನಿಗೆ ಕೈಹಾಕಿದಳು.

ಭುವಿ ತಿರುಗಿ ಅವಳ ಮುಖ ನೋಡಿದಳು. ಆ ಕೈಯನ್ನು ಮೆಲ್ಲಗೆ ಸರಿಸಿ, ಗೊತ್ತಿಲ್ಲದವರ ಹತ್ತಿರ ಮಾತಾಡುವಂತೆ ಮರ್ಯಾದೆಯಿಂದ ಹೇಳಿದಳು:

“ನೀವು ಬಿಚ್ಬೇಡಿ ಆಂಟಿ. ನಮ್ಮಮ್ಮ ಬಂದು ಬಿಚ್ತಾಳೆ.”