ಅಣ್ಣನನ್ನು ಯೋಗಿ ಮಾಡಿದ್ದು

ಸೊಸೆ ತಂದುಕೊಟ್ಟ ಯೋಗದ ಚಾಪೆಗೆ ಹೊಸ ಸೈಕಲ್ ಟೈರಿನ ವಾಸನೆ. ಡಾಕ್ಟರು ಚೀಟಿಯಲ್ಲಿ ದಿನಕ್ಕೊಂದು ಗುಳಿಗೆ ಬರೆದು, ಅದರ ಕೆಳಗೆ ‘ಜೊತೆಗೆ ಯೋಗ’ ಎಂದೂ ಬರೆದಿದ್ದಾರೆ. ಕಾಯಿಲೆಯ ಹೆಸರು ಖಿನ್ನತೆ. ಎಂಬತ್ತರ ಹತ್ತಿರ ಬಂದವನಿಗೆ ಬರಬಹುದಾದ ರೋಗಗಳ ಪಟ್ಟಿಯಲ್ಲಿ ನಾನು ಇದನ್ನು ಸೇರಿಸಿಕೊಂಡಿರಲಿಲ್ಲ. ಬೀದರಿನ ನೌಬಾದ್ ಬಡಾವಣೆಯ ಉದ್ಯಾನದಲ್ಲಿ ಬೆಳಿಗ್ಗೆ ಕ್ಲಾಸು. ಮೊದಲ ದಿನ ಎಲ್ಲರೂ ತಾವು ಯಾಕೆ ಬಂದಿದ್ದೇವೆಂದು ಹೇಳಬೇಕಿತ್ತು. ಪಕ್ಕದ ಚಾಪೆಯ ನಿವೃತ್ತ ಇಂಜಿನಿಯರರು ಹೊಟ್ಟೆ ಕರಗಿಸಲು ಬಂದಿದ್ದರು. ನನ್ನ ಸರದಿ ಬಂದಾಗ “ಮೊಳಕಾಲು ನೋವ್ರಿ” ಅಂದುಬಿಟ್ಟೆ. ನನ್ನ ಮೊಳಕಾಲುಗಳು ಇವತ್ತಿಗೂ ಬೀದರ ಕೋಟೆಯ ಕಲ್ಲಿನಷ್ಟು ಗಟ್ಟಿ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅಭ್ಯಾಸಬಲದಿಂದ. ಇದೇ ಕಾಯಿಲೆಯ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸುಳ್ಳೊಂದನ್ನು ಹಿಂದೆ ಹೇಳಿದವನು ನಾನು. ಕೂತುಕೊಳ್ಳಿ, ಹೇಳುತ್ತೇನೆ. ಚಾಪೆ ಇಬ್ಬರಿಗೆ ಸಾಕಾಗುವಷ್ಟಿದೆ.

ಆಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಮನೆ ಬೀದರಿನಲ್ಲಿ. ನಾನು ಭಾಲ್ಕಿಯ ಸಾಲೆಯಲ್ಲಿ ಮಾಸ್ತರ, ಶನಿವಾರ ರೈಲು ಹಿಡಿದು ಮನೆಗೆ ಬರುವವನು. ಅಣ್ಣ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಅವನ ಉರ್ದು ಅಕ್ಷರ ನೋಡಲೆಂದೇ ಸಾಹೇಬರು ಕಾಗದ ತರಿಸಿಕೊಳ್ಳುತ್ತಿದ್ದರಂತೆ. ರಾಜ್ಯ ಬದಲಾಗಿ ಕಾಗದಗಳ ಭಾಷೆಯೂ ಬದಲಾದಾಗ, ಮೂವತ್ತೈದರ ಅಣ್ಣ ಪಾಟಿ ಹಿಡಿದು ಕನ್ನಡದ ಒತ್ತಕ್ಷರ ತಿದ್ದಿದ. ಕಲಿತೂಬಿಟ್ಟ. ಕಲಿತಾದ ಮೇಲೆ ಒಂದು ಮುಂಜಾನೆ ಹಾಸಿಗೆಯಿಂದ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತ. ಊಟ ಬೇಡ, ಮಾತು ಬೇಡ.

ಮೈಸೂರು ರಾಜ್ಯ ಬಂದದ್ದಕ್ಕೇ ಹೀಗಾಯಿತು ಎಂದು ಓಣಿ ತೀರ್ಪು ಕೊಟ್ಟಿತು. ಆ ದಿನಗಳಲ್ಲಿ ಎಮ್ಮೆ ಹಾಲು ಕಡಿಮೆ ಕೊಟ್ಟರೂ ಮೈಸೂರು ರಾಜ್ಯವೇ ಕಾರಣ. ದವಾಖಾನೆಯ ಡಾಕ್ಟರು ಮಾತ್ರ, ಕಾರಣ ಹುಡುಕುತ್ತ ಕೂಡಬೇಡಿ, ಇದು ಮನಸ್ಸಿನ ಬೇನೆ ಎಂದು ಗುಳಿಗೆ ಕೊಟ್ಟರು. ಮೈಯನ್ನೂ ಒಂದಿಷ್ಟು ಆಡಿಸಿ ಎಂದರು.

ಅದಕ್ಕಾಗಿ ನಮ್ಮ ಸಾಲೆಯ ಡ್ರಿಲ್ ಮಾಸ್ತರರನ್ನು ಕರೆತಂದೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದು, ನಮ್ಮ ಜೋಳದ ರೊಟ್ಟಿಯ ಜೊತೆ ದಿನವೂ ಕುಸ್ತಿ ಹಿಡಿಯುತ್ತಿದ್ದ ಸಾಧು ಮನುಷ್ಯ. ಆಸನ ಬಲ್ಲವರು. ಪ್ರತಿ ರವಿವಾರ ಬಂದು ಅಣ್ಣನ ಪಕ್ಕ ಕೂರುವರು. “ಕೈ ಮೇಲೆತ್ತಿ ಸಾರ್. ಈಗ ನಿಧಾನಕ್ಕೆ ಉಸಿರು ಬಿಡಿ. ಸಾಕು, ಇವತ್ತಿಗೆ ಇಷ್ಟೇ.” ಗುಳಿಗೆಯೂ ಈ ‘ಇಷ್ಟೇ’ಯೂ ಕೂಡಿ, ಒಂದು ತಿಂಗಳಿಗೆ ಅಣ್ಣ ಅಂಗಳದ ತನಕ ನಡೆಯತೊಡಗಿದ.

ಅಷ್ಟರಲ್ಲಿ ನನ್ನ ಮದುವೆ ಅಡ್ಡ ಬಂತು. ಔರಾದಿನಿಂದ ಹೆಣ್ಣಿನ ಅಪ್ಪ ಮನೆ ನೋಡಲು ಬಂದರು. ಮನೆ ನೋಡುವುದೆಂದರೆ ನಮ್ಮಲ್ಲಿ ತೊಲೆ, ಬಾವಿ, ದನ, ಹಿರಿಯರು, ಎಲ್ಲವನ್ನೂ ತಟ್ಟಿ ನೋಡುವುದು. ತೊಲೆ ಪಾಸಾಯಿತು, ಬಾವಿ ಪಾಸಾಯಿತು. ಹಿರಿಯ ಮಾತ್ರ ಗಡ್ಡ ಬಿಟ್ಟು ಗೋಡೆ ನೋಡುತ್ತ ಕೂತಿದ್ದ.

“ಇವರ್ಯಾಕ ಹಿಂಗ ಕುಂತಾರ್ರಿ?”

ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆಂದರೆ ಹೆಣ್ಣು ಯಾರು ಕೊಡುತ್ತಾರೆ? ನನ್ನ ನಾಲಗೆ ತಾನೇ ತಿರುಗಿತು. “ಯೋಗಕ್ಕ ಕುಂತಾರ್ರಿ. ಮೌನ ಹಿಡದಾರ.”

ಆ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದು, ನಮಗೆಂದು ತಂದ ಕಾಯಿಯನ್ನು ಅಣ್ಣನ ಕಾಲ ಬಳಿ ಇಟ್ಟು ಅಡ್ಡಬಿದ್ದರು. ಮದುವೆ ಗಟ್ಟಿಯಾಯಿತು.

ಕಾಯಿ ಇಟ್ಟ ಸುದ್ದಿ ಕಾಯಿಗಿಂತ ಮುಂಚೆ ಊರು ಸುತ್ತಿತು. ಪಕ್ಕದ ಅಷ್ಟೂರು ಹಳ್ಳಿಯ ಹೆಣ್ಣುಮಕ್ಕಳು ಹಾಲು ತಂದರು. ಕಮಠಾಣದವರೊಬ್ಬರು ಬಾವಿಗೆ ನೀರು ಬೀಳುವ ಜಾಗ ಕೇಳಿ, ಅಣ್ಣ ಉತ್ತರಿಸದಿದ್ದುದನ್ನೇ ಉತ್ತರವೆಂದು ತಿಳಿದು ಹೋದರು. ಊಟ ಬಿಟ್ಟಷ್ಟೂ ಅವನ ಮಹಿಮೆ ಏರಿತು. ಯೋಗಿ ಗುಳಿಗೆ ನುಂಗುವುದನ್ನು ಜನ ಕಂಡರೆ ಕೆಲಸ ಕೆಟ್ಟಿತೆಂದು ನಾನು ಪೊಟ್ಟಣವನ್ನು ಜೋಳದ ಡಬ್ಬಿಯಲ್ಲಿ ಹುಗಿದೆ. ಯೋಗಿಗೆ ಯೋಗ ಕಲಿಸುವ ಮಾಸ್ತರ ಬಂದುಹೋಗುವುದೂ ಚೆನ್ನಾಗಿ ಕಾಣದು. ಅವರಿಗೂ ಬರಬೇಡಿ ಅಂದೆ. ಹೀಗೆ ಯೋಗದ ಹೆಸರಿನಲ್ಲಿ ಅಣ್ಣನ ಯೋಗ ನಿಂತಿತು. ಮೊದಲು ಅಳುತ್ತಿದ್ದ ಅವ್ವ ಕೂಡ ಬರಬರುತ್ತ ಮಗನಿಗೆ ಕೈಮುಗಿಯತೊಡಗಿದಳು. ಬೇಡ ಅನ್ನುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಅದು ನನಗೆ ಅನುಕೂಲವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಮದುವೆಗೆ ಹದಿನೈದು ದಿನವಿರುವಾಗ ನರ್ಸಬಾಯಿ ಬಂದರು. ಹೆಸರು ಶಾಂತಾಬಾಯಿ, ದವಾಖಾನೆಯಲ್ಲಿ ಅಣ್ಣನಿಗೆ ಗುಳಿಗೆ ಕೊಡುತ್ತಿದ್ದವರು. ಗುಳಿಗೆ ಒಯ್ಯಲು ಯಾರೂ ಬರಲಿಲ್ಲವಲ್ಲ ಎಂದು ರವಿವಾರ ಚರ್ಚು ಮುಗಿಸಿ ನೇರ ನಮ್ಮ ಮನೆಗೆ ಬಂದಿದ್ದರು. ನೆರೆದವರನ್ನು ಸರಿಸಿ, ಅಣ್ಣನ ಮಣಿಕಟ್ಟು ಹಿಡಿದು, ಕಿವಿಯ ಹತ್ತಿರ ಏನೋ ಕೇಳಿದರು. ಅಣ್ಣನ ಕಣ್ಣಲ್ಲಿ ನೀರು ಇಳಿಯಿತು. ಕಮಠಾಣದವರು “ಆನಂದಬಾಷ್ಪ” ಎಂದು ಕೈಮುಗಿದರು.

“ಆನಂದ ಇದ್ದಾವ್ರು ಊಟಾ ಬಿಡಂಗಿಲ್ರಿ. ಎಲ್ಲಾರೂ ಜರಾ ಹೊರಗ ನಡೀರಿ” ಅಂದರು ಬಾಯಿ. ಆಮೇಲೆ ನನ್ನ ಕಡೆ ತಿರುಗಿದರು. “ಗುಳಿಗಿ ಎಲ್ಲವ ಮಾಸ್ತರ?”

“ಯೋಗ ನಡದದಲ್ರಿ, ಗುಳಿಗಿ ಯಾಕಂತ...”

“ಯೋಗ ಎಲ್ಲಿ ನಡದದ? ಅದನೂ ಬಿಡಿಸೀರಿ, ಗುಳಿಗಿನೂ ಬಿಡಿಸೀರಿ. ಎರಡೂ ಜೋಡಿ ನಡೀಬೇಕು ಅಂತ ಡಾಕ್ಟರು ಹೇಳಿದ್ರು. ನೀವು ಮೂರ್ತಿ ಮಾಡಿ ಕುಂದ್ರಿಸೀರಿ.” ದನಿ ತಗ್ಗಿಸಿದರು. “ಸಾಯಬೇಕು ಅನಸ್ತದೇನು ಅಂತ ಕೇಳದೆ. ಹೂಂ ಅಂದಾರ. ಮನ್ಯಾಗ ಯಾರರೆ ಒಮ್ಮಿ ಕೇಳೀರೇನು?”

ಯಾರೂ ಕೇಳಿರಲಿಲ್ಲ. ಊರಿಗೆ ಊರೇ ಅವನ ಬಾಯಿಂದ ಒಂದು ಮಾತಿಗಾಗಿ ಕಾದಿತ್ತು, ಬಂದ ಮಾತು ಅದು. ನಾನು ಜೋಳದ ಡಬ್ಬಿಗೆ ಕೈಹಾಕಿದೆ. ಪೊಟ್ಟಣ ತೆಗೆದು ನರ್ಸಬಾಯಿಯ ಕೈಗೆ ಕೊಟ್ಟೆ.

ಮರುದಿನವೇ ಔರಾದಿಗೆ ಹೋಗಿ ನಿಜ ಹೇಳಿದೆ. ಹೆಣ್ಣಿನ ಅಪ್ಪನಿಗೆ ಕಾಯಿಲೆಗಿಂತ, ತಾವು ಅಡ್ಡಬಿದ್ದದ್ದೇ ದೊಡ್ಡ ಸಂಕಟವಾಯಿತು. “ಮದುವಿ ಬ್ಯಾಡ” ಎಂದು ಎದ್ದರು. ಆಗ ಅಡುಗೆಮನೆಯ ಬಾಗಿಲಿನಿಂದ ಹುಡುಗಿಯೇ ಮಾತಾಡಿದಳು.

“ಅಪ್ಪಾ, ನಮ್ಮ ಮಾಮಾಗೂ ಹಿಂಗೇ ಆಗಿತ್ತು. ನಾವು ದೆವ್ವ ಬಡದದ ಅಂತ ಕಟ್ಟಿ ಹಾಕಿದ್ವಿ. ಇವರು ದೇವರು ಅಂತ ಕುಂದ್ರಿಸ್ಯಾರ. ನಮಗಿಂತ ಇವರೇ ಛಲೋ, ಬಂದು ಹೇಳ್ಯಾರ.”

ಆ ಮಾಮಾ ಏನಾದರೆಂದು ನಾನು ಕೇಳಲಿಲ್ಲ. ಅಪ್ಪ ಮತ್ತೆ ಕೂತರು. ಮದುವೆ ಆರು ತಿಂಗಳು ತಡವಾಗಿ ಆಯಿತು.

ಆ ಆರು ತಿಂಗಳು ಗುಳಿಗೆ ನಡೆಯಿತು, ಡ್ರಿಲ್ ಮಾಸ್ತರರ ‘ಇಷ್ಟೇ’ಯೂ ನಡೆಯಿತು. ಪವಾಡವೇನೂ ಆಗಲಿಲ್ಲ. ಒಂದು ದಿನ ಎರಡು ರೊಟ್ಟಿ ತಿಂದ, ಮರುದಿನ ಮತ್ತೆ ಗೋಡೆ. ಒಂದು ಮುಂಜಾನೆ ತಾನೇ ಕ್ಷೌರದ ಕತ್ತಿ ಕೇಳಿದ. ಕೊಡಲು ನನಗೆ ಧೈರ್ಯವಾಗಲಿಲ್ಲ. ಹಜಾಮನನ್ನು ಕರೆಸಿದೆ. ಗಡ್ಡ ಉದುರಿದ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಅಣ್ಣ ಮೆಲ್ಲಗೆ ಅಂದ: “ತಮ್ಮಾ, ಅಷ್ಟು ಮಂದಿ ನನ್ನ ಕಾಲಿಗೆ ಬಿದ್ರು. ಒಬ್ಬರೂ ನನ್ನ ಮುಖಾ ನೋಡಲಿಲ್ಲ.” ಅವನು ಮತ್ತೆ ಕಚೇರಿಗೆ ಹೋಗಿ ಪೆನ್ಷನ್ನಿನ ತನಕ ದುಡಿದ. ಆ ಮಾತು ಮಾತ್ರ ನನ್ನನ್ನು ಇಂದಿಗೂ ಕುಟುಕುತ್ತದೆ.

ಔರಾದಿನ ಆ ಹುಡುಗಿಗೆ ಈಗ ಹಲ್ಲಿಲ್ಲ, ನಾಲಗೆ ಇದೆ. ಮೊಳಕಾಲಿನ ಕತೆ ಕೇಳಿ ಇವತ್ತು ಮುಂಜಾನೆ ಗುಳಿಗೆಯನ್ನು ಅಂಗೈಗೆ ಹಾಕುತ್ತ, “ನುಂಗ್ರಿ ಯೋಗಿಗೋಳ, ಯಾರೂ ನೋಡ್ಲತ್ತಿಲ್ಲ” ಅಂದಳು.

ಉದ್ಯಾನದಲ್ಲಿ ಯೋಗದ ಗುರುಗಳು, ಯೋಗ ಮಾಡುವವರಿಗೆ ಗುಳಿಗೆಯ ಗೊಡವೆ ಬೇಡ ಎಂದು ಭಾಷಣ ಹೊಡೆದು, “ಮೊಳಕಾಲು ಹ್ಯಾಂಗವರಿ ಅಜ್ಜಾರ?” ಎಂದು ಕೇಳಿದರು.

“ಮೊಳಕಾಲು ನೆಟ್ಟಗವರಿ. ನನ್ನ ಬೇನಿ ಮನಸ್ಸಿಂದು. ದಿನಾ ಗುಳಿಗಿ ನುಂಗತೇನಿ, ಅದರ ಜೋಡಿ ಇದನೂ ಮಾಡ್ತೇನಿ.”

ಗುರುಗಳು ಗಡಿಬಿಡಿಯಿಂದ ಎಲ್ಲರನ್ನೂ ಶವಾಸನಕ್ಕೆ ಮಲಗಿಸಿದರು. ಟೈರಿನ ವಾಸನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾಗ ಪಕ್ಕದ ಚಾಪೆಯಿಂದ, ಹೊಟ್ಟೆ ಕರಗಿಸಲು ಬಂದ ಇಂಜಿನಿಯರರ ದನಿ ಪಿಸುಗುಟ್ಟಿತು.

“ನಿಮ್ಮ ಡಾಕ್ಟರ್ ಯಾರ್ರಿ?”

ನಾನು ಕಣ್ಣು ತೆರೆದು, ಅವರ ಮುಖ ನೋಡಿದೆ.